ಸಂಜೆಯ ನಂತರದ ಶಾಲೆ

ಸರ್ಕಾರಿ ಶಾಲೆಯ ಕಟ್ಟಡವನ್ನು ಪಾಠದ ಹೊತ್ತು ಮುಗಿದ ಮೇಲೆ ಊರಿನ ಸಂಘಸಂಸ್ಥೆಗಳಿಗೆ ಬಿಟ್ಟುಕೊಡಬಹುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಒಂದು ಸುತ್ತೋಲೆಯಲ್ಲಿ ಮುಗಿಯಬೇಕಾದ ಆಡಳಿತದ ವಿಚಾರ. ಹಾಗೆ ಮುಗಿಯದೆ ಅದು ಸಚಿವ ಸಂಪುಟದವರೆಗೂ ಹೈಕೋರ್ಟಿನವರೆಗೂ ಹೋಗುತ್ತಿದೆ ಎಂದರೆ, ಸಾರ್ವಜನಿಕ ಆಸ್ತಿ ಎಲ್ಲರಿಗೂ ಸೇರಿದ್ದೋ, ಸರ್ಕಾರಕ್ಕೆ ಸೇರಿದ್ದೋ, ಅಥವಾ ಯಾವ ಉದ್ದೇಶಕ್ಕಾಗಿ ಕಟ್ಟಲಾಯಿತೋ ಆ ಉದ್ದೇಶಕ್ಕೆ ಸೇರಿದ್ದೋ ಎಂಬ ಇತ್ಯರ್ಥವಾಗದ ತಕರಾರು ಅದರ ಬುಡದಲ್ಲಿದೆ ಎಂದೇ ಅರ್ಥ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಯವರೆಗೆ ವರ್ಷಕ್ಕೆ 220 ಕೆಲಸದ ದಿನಗಳನ್ನು ನಿಗದಿ ಮಾಡಿದೆ. ದಿನಕ್ಕೆ ಆರೂವರೆ ಗಂಟೆ ಎಂದು ಹಿಡಿದರೂ ವರ್ಷದ 8,760 ಗಂಟೆಗಳಲ್ಲಿ ಶಾಲೆ ನಡೆಯುವುದು ಹೆಚ್ಚೆಂದರೆ 1,430 ಗಂಟೆ. ಉಳಿದ ಹೊತ್ತು, ಅಂದರೆ ಆರರಲ್ಲಿ ಐದು ಪಾಲು, ಕಟ್ಟಡಕ್ಕೆ ಬೀಗ ಬಿದ್ದಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಂತಹ ತಾಲ್ಲೂಕುಗಳಲ್ಲಿ, ಅಂದರೆ ಗೋಮಾಳವೂ ಗುಂಡುತೋಪೂ ಬಡಾವಣೆ, ಗೋದಾಮು, ಕೈಗಾರಿಕಾ ಪ್ರದೇಶಗಳ ಎದುರು ಕರಗುತ್ತ ಬಂದಿರುವ ಕಡೆ, ಎಷ್ಟೋ ಊರುಗಳಲ್ಲಿ ನೂರು ಜನ ಒಟ್ಟಿಗೆ ಕೂರಬಹುದಾದ, ಬಾಡಿಗೆ ಕೇಳದ ಜಾಗವಾಗಿ ಉಳಿದಿರುವುದು ಶಾಲೆಯ ಅಂಗಳವೊಂದೇ. ಆದ್ದರಿಂದ ಇಲ್ಲಿ ಪ್ರಶ್ನೆಗೆ ತತ್ತ್ವದ ತೂಕದಷ್ಟೇ ನೆಲದ ತೂಕವೂ ಇದೆ.

ಇತಿಹಾಸವನ್ನು ನೋಡಿದರೆ ಶಾಲೆಯೇ ಮೊದಲು ಊರಿನ ಅತಿಥಿಯಾಗಿತ್ತು. ಹಳೆಯ ಮೈಸೂರು ಸೀಮೆಯ ಕೂಲಿಮಠಗಳು, ಅಂದರೆ ಊರವರು ಕೊಡುವ ದವಸಧಾನ್ಯವನ್ನೋ ಪುಡಿಗಾಸನ್ನೋ ನೆಚ್ಚಿಕೊಂಡು ಐಗಳು ನಡೆಸುತ್ತಿದ್ದ ಪಾಠಶಾಲೆಗಳು, ದೇವಸ್ಥಾನದ ಅಂಕಣದಲ್ಲೋ ಅನುಕೂಲಸ್ಥರ ಮನೆಯ ಜಗಲಿಯಲ್ಲೋ ಕೂರುತ್ತಿದ್ದವು. ಜಾಗ ಯಾರದೋ ಅವರ ಮಡಿ ಮೈಲಿಗೆಯೇ ಪಾಠದ ಬಾಗಿಲನ್ನೂ ಕಾಯುತ್ತಿತ್ತು. ಸರ್ಕಾರ ತನ್ನದೇ ಕಟ್ಟಡವನ್ನು ಕಟ್ಟಿದಾಗ ಬದಲಾದದ್ದು ಗೋಡೆ ಮತ್ತು ಹೆಂಚು ಮಾತ್ರವಲ್ಲ. 1910ರ ದಶಕದಲ್ಲಿ ಮೈಸೂರು ಸಂಸ್ಥಾನವು, ಆಗ ಪಂಚಮರೆಂದು ಕರೆಯಲಾಗುತ್ತಿದ್ದ ಸಮುದಾಯಗಳ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಕೊಡಬೇಕೆಂದು ನಿಂತಾಗ, ಮೇಲುಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ ಪ್ರಸಂಗಗಳು ನಡೆದವು. ಆ ಸಿಟ್ಟಿನಲ್ಲೇ ಹೊಸ ಕಟ್ಟಡದ ಅರ್ಥ ಅಡಗಿತ್ತು. ದೇವಸ್ಥಾನದಲ್ಲಿ ಹೊಸ್ತಿಲು, ಬಾವಿಯಲ್ಲಿ ಹಗ್ಗ, ಹೋಟೆಲಿನಲ್ಲಿ ಲೋಟ ಬೇರೆಯಾಗಿದ್ದ ಊರಿನಲ್ಲಿ ಒಂದೇ ಹಲಗೆಯ ಎದುರು ಎಲ್ಲರೂ ಕೂರಬೇಕೆಂದು ಸರ್ಕಾರ ಹೇಳಿದ ಮೊದಲ ಚಾವಣಿ ಅದು. ಈ ನಂಟು ಒಮ್ಮೆ ತಿರುಗಿ ಹಿಂದಕ್ಕೂ ಹರಿಯಿತೆಂಬುದನ್ನು ಇಲ್ಲಿ ಮರೆಯಬಾರದು: ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರು ಮಕ್ಕಳನ್ನು ಅರಳಿಕಟ್ಟೆ, ದೇವಸ್ಥಾನದ ಆವರಣ, ಸಮುದಾಯ ಭವನಗಳಲ್ಲಿ ಕೂರಿಸಿ ಕಲಿಸಿದರು, ಊರು ತನ್ನ ಜಗಲಿಯನ್ನು ಬಿಟ್ಟುಕೊಟ್ಟಿತು. ಆ ಯೋಜನೆ ಕೆಲವೇ ತಿಂಗಳಲ್ಲಿ ನಿಂತರೂ, ಊರಿನ ಜಾಗ ಶಾಲೆಗೆ ಬೇಕು, ಶಾಲೆಯ ಜಾಗ ಊರಿಗೆ ಬೇಡ ಎಂದು ಹೇಳುವವರು ಅದನ್ನೊಮ್ಮೆ ನೆನೆಯಬೇಕಾಗುತ್ತದೆ.

ಇಂದು ಹಳ್ಳಿಗಳಲ್ಲಿ ಸಭೆ ಸೇರಲು ಬೇರೆ ಕಟ್ಟಡಗಳೇ ಇಲ್ಲವೆಂದೇನೂ ಅಲ್ಲ. ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಕನಕ ಭವನ, ಒಕ್ಕಲಿಗರ ಭವನ, ದೊಡ್ಡಬಳ್ಳಾಪುರದಂತಹ ನೇಕಾರರ ಊರಿನಲ್ಲಿ ದೇವಾಂಗ ಮಂಡಳಿ, ಹೀಗೆ ಶಾಸಕರ ಅನುದಾನದಿಂದಲೋ ಸಮುದಾಯದ ದೇಣಿಗೆಯಿಂದಲೋ ಎದ್ದವು ಹಲವಾರಿವೆ. ಅವುಗಳಲ್ಲಿ ಕೆಲವಕ್ಕೆ ಸಕಾರಣವಾದ ಹುಟ್ಟೂ ಇದೆ, ಏಕೆಂದರೆ ಬೇರೆಲ್ಲಿಯೂ ಕೂರಗೊಡದವರಿಗೆ ತಮ್ಮದೆಂಬ ಜಗಲಿ ಬೇಕೇ ಆಗುತ್ತದೆ. ಆದರೆ ಬಾಗಿಲ ಮೇಲಿನ ಹೆಸರು ಒಳಗೆ ಬರುವವರನ್ನು ಸದ್ದಿಲ್ಲದೆ ವಿಂಗಡಿಸುತ್ತದೆ. ಒಂದು ಭವನದ ಕಾರ್ಯಕ್ರಮಕ್ಕೆ ಇನ್ನೊಂದು ಕೇರಿಯವರು ಕರೆದರೂ ಬಾರದಿರುವುದು, ಬಂದರೂ ಹೊರಗಿನ ಕಟ್ಟೆಯ ಮೇಲೇ ಕೂತು ಎದ್ದುಹೋಗುವುದು ಯಾರಿಗೂ ಹೊಸದಲ್ಲ. ಜಾತಿಯ ಹೆಸರಿಲ್ಲದ, ಎಲ್ಲ ಕೇರಿಯ ಮಕ್ಕಳೂ ದಿನವೂ ಮೆಟ್ಟಿಲೇರುವ ಕಟ್ಟಡ ಹಳ್ಳಿಯಲ್ಲಿ ಶಾಲೆಯೊಂದೇ. ಹಾಗಾಗಿ ಅದನ್ನು ಸಂಜೆಯಾದೊಡನೆ ಮುಚ್ಚಿಬಿಡುವುದು ಊರಿನ ಏಕೈಕ ಸಮಾನ ಜಾಗವನ್ನು ಕಸಿದುಕೊಂಡಂತೆ. ಮನಬಂದಂತೆ ತೆರೆದಿಡುವುದು ಆ ಸಮಾನತೆಯನ್ನೇ ಕಳೆದುಕೊಂಡಂತೆ. ಈ ಇಕ್ಕಟ್ಟನ್ನು ಯಾವ ಗುಂಪನ್ನು ಒಳಬಿಡಬೇಕು ಎಂದು ಕೇಳುವುದರಿಂದ ಬಿಡಿಸಲಾಗದು, ಯಾವ ಬಗೆಯ ಬಳಕೆಯನ್ನು ಒಳಬಿಡಬೇಕು ಎಂದು ಕೇಳಿದರೆ ಮಾತ್ರ ಬಿಡಿಸಬಹುದು ಎಂಬುದು ಈ ಪ್ರಬಂಧದ ವಾದ.

ಕರ್ನಾಟಕದ ಸರ್ಕಾರಗಳು ಇದುವರೆಗೆ ಮೊದಲನೆಯ ಪ್ರಶ್ನೆಯ ಬೆನ್ನು ಹತ್ತಿವೆ. 2013ರ ಫೆಬ್ರುವರಿಯಲ್ಲಿ, ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದಾಗ, ಶಾಲಾ ಆವರಣವನ್ನೂ ಮೈದಾನವನ್ನೂ ಶೈಕ್ಷಣಿಕ ಉದ್ದೇಶಕ್ಕಲ್ಲದೆ ಬಳಸಬಾರದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. 2025ರ ಅಕ್ಟೋಬರ್‌ನಲ್ಲಿ ಸಚಿವ ಪ್ರಿಯಾಂಕ್ ಖರ್ಗೆ ಸರ್ಕಾರಿ ಶಾಲೆ ಮೊದಲಾದ ಜಾಗಗಳಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಚಟುವಟಿಕೆಗಳನ್ನು ನಿಷೇಧಿಸಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಪತ್ರ ಬರೆದರು. ಅದರ ಬೆನ್ನಿಗೇ ಅಕ್ಟೋಬರ್ 18ರಂದು ಹೊರಬಿದ್ದ ಆದೇಶವು ಯಾವ ಸಂಘಟನೆಯ ಹೆಸರನ್ನೂ ಎತ್ತದೆ, ಖಾಸಗಿ ಸಂಸ್ಥೆಗಳು ಸರ್ಕಾರಿ ಆಸ್ತಿಯನ್ನು ಬಳಸಲು ಮುಂಚಿತ ಅನುಮತಿ ಪಡೆಯಬೇಕೆಂದಿತು, ಹತ್ತು ಜನಕ್ಕೂ ಮಿಕ್ಕ ಕೂಟವನ್ನು ಅದರ ವ್ಯಾಪ್ತಿಗೆ ತಂದಿತು, ಶಾಲೆಯ ಜೊತೆಗೆ ರಸ್ತೆ, ಉದ್ಯಾನ, ಮೈದಾನಗಳನ್ನೂ ಸೇರಿಸಿತು. ಹುಬ್ಬಳ್ಳಿಯ ಪುನಶ್ಚೇತನ ಸೇವಾ ಸಂಸ್ಥೆಯ ಅರ್ಜಿಯ ಮೇಲೆ ಹೈಕೋರ್ಟಿನ ಧಾರವಾಡ ಪೀಠದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅಕ್ಟೋಬರ್ 28ರಂದು ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿದರು. ಮಾತಿನ ಹಾಗೂ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಶಾಸನವಿಲ್ಲದೆ ಬರಿಯ ಸರ್ಕಾರಿ ಆದೇಶದಿಂದ ಮೊಟಕುಗೊಳಿಸಲಾಗದು ಎಂಬುದು ಅದರ ತಿರುಳು. ಸರ್ಕಾರದ ಮೇಲ್ಮನವಿಯನ್ನು ನವೆಂಬರ್‌ನಲ್ಲಿ ವಿಭಾಗೀಯ ಪೀಠ ತಳ್ಳಿಹಾಕಿತು. ಒಂದು ಪಕ್ಷದ ಸರ್ಕಾರದ ಸುತ್ತೋಲೆಯನ್ನು ಇನ್ನೊಂದು ಪಕ್ಷ ಹನ್ನೆರಡು ವರ್ಷದ ಮೇಲೆ ಆಧಾರವಾಗಿ ಎತ್ತಿಹಿಡಿದದ್ದೂ, ಹೊರಡಿಸಿದ ಪಕ್ಷವೇ ಅದನ್ನು ಮರೆತಂತೆ ವರ್ತಿಸಿದ್ದೂ ಈ ನಡುವಿನ ತಮಾಷೆ.

ಆ ಆದೇಶದ ನಿಜವಾದ ದೋಷ ಅದರ ರಾಜಕೀಯ ಉದ್ದೇಶದಲ್ಲಿ ಇತ್ತೆನ್ನುವುದಕ್ಕಿಂತ, ಬೀದಿಯನ್ನೂ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದರಲ್ಲಿತ್ತು. ಸುಪ್ರೀಂ ಕೋರ್ಟಿನ ಎರಡು ಹಳೆಯ ತೀರ್ಪುಗಳು ಈ ವ್ಯತ್ಯಾಸವನ್ನು ಚೆನ್ನಾಗಿ ತೋರುತ್ತವೆ. ಅಹಮದಾಬಾದಿನ ಪೊಲೀಸ್ ಕಮಿಷನರ್ ವಿರುದ್ಧ ಹಿಮತ್‌ಲಾಲ್ ಶಾ ಹೂಡಿದ್ದ ಪ್ರಕರಣದಲ್ಲಿ, 1970ರ ದಶಕದ ಆರಂಭದಲ್ಲಿ ಸಂವಿಧಾನ ಪೀಠವು ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು, ಕೊಡು ಅಥವಾ ಬಿಡು ಎಂಬ ಲಂಗುಲಗಾಮಿಲ್ಲದ ವಿವೇಚನೆಯನ್ನು ಒಬ್ಬ ಅಧಿಕಾರಿಯ ಕೈಗೆ ಒಪ್ಪಿಸಲಾಗದು ಎಂದಿತು. ಅದಕ್ಕೂ ಮುನ್ನ 1969ರಲ್ಲಿ, ರೈಲ್ವೆ ಮಂಡಳಿ ಮತ್ತು ನಿರಂಜನ್ ಸಿಂಗ್ ಪ್ರಕರಣದಲ್ಲಿ, ರೈಲ್ವೆ ಆವರಣದೊಳಗೆ ನೌಕರರು ಸಭೆ ನಡೆಸುವುದು ಮೂಲಭೂತ ಹಕ್ಕಲ್ಲ, ಆಸ್ತಿ ಸರ್ಕಾರದ್ದಾದ ಮಾತ್ರಕ್ಕೆ ಅದು ಸಭಾಂಗಣವಾಗದು ಎಂದಿತ್ತು. ಬೀದಿಯಲ್ಲಿ ಹಕ್ಕು ಮೊದಲು, ನಿಯಂತ್ರಣ ಆಮೇಲೆ. ಶಾಲೆಯಲ್ಲಿ ಉದ್ದೇಶ ಮೊದಲು, ಉಳಿದವರಿಗೆ ಅವಕಾಶ ಆಮೇಲೆ. ಆದರೆ ಒಂದು ಸೂಕ್ಷ್ಮವಿದೆ: ಅವಕಾಶ ಹಕ್ಕಲ್ಲದಿದ್ದರೂ, ಒಬ್ಬರಿಗೆ ಕೊಟ್ಟ ಬಳಿಕ ಇನ್ನೊಬ್ಬರಿಗೆ ಇಲ್ಲವೆನ್ನಲು ಕಾರಣ ಹೇಳಲೇಬೇಕಾಗುತ್ತದೆ, ಏಕೆಂದರೆ ಸಂವಿಧಾನದ 14ನೇ ವಿಧಿಯ ಸಮಾನತೆ ಉಪಕಾರ ಮಾಡುವ ಸರ್ಕಾರವನ್ನೂ ಬಿಡುವುದಿಲ್ಲ.

ಉದ್ದೇಶ ಎಂದರೇನು ಎಂಬಲ್ಲಿ ಇಬ್ಬರು ಚಿಂತಕರು ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಅಮೆರಿಕದ ಜಾನ್ ಡ್ಯೂಯಿ 1902ರಲ್ಲೇ ಶಾಲೆ ಸಮಾಜದ ಕೇಂದ್ರವಾಗಬೇಕೆಂದು ವಾದಿಸಿದ್ದ. ಅದೇ ಹುಮ್ಮಸ್ಸಿನಲ್ಲಿ ರಾಚೆಸ್ಟರ್ ನಗರ 1907ರಿಂದ ಶಾಲೆಗಳನ್ನು ಸಂಜೆ ವೇಳೆ ನಾಗರಿಕರ ಚರ್ಚೆಗೆ ತೆರೆದಿತ್ತು. ಹನ್ನಾ ಅರೆಂಟ್ ಇದಕ್ಕೆ ಒಪ್ಪುವವಳಲ್ಲ: ಶಾಲೆ ಎಂದರೆ ಮನೆಗೂ ಲೋಕಕ್ಕೂ ನಡುವೆ ನಿಲ್ಲಿಸಿದ ಒಂದು ಸಂಸ್ಥೆ, ಅದು ಲೋಕವಲ್ಲ, ಲೋಕದಂತೆ ನಟಿಸಲೂಬಾರದು, ದೊಡ್ಡವರ ಜಗಳದ ಬಿಸಿಲು ಎಳೆಯ ಮಕ್ಕಳ ಮೇಲೆ ನೇರ ಬೀಳಬಾರದು ಎಂಬುದು ಅವಳ ನಿಲುವು. ಇಬ್ಬರ ಮಾತಿನಲ್ಲೂ ಹುರುಳಿದೆ, ಮತ್ತು ಅವರನ್ನು ಒಂದೆಡೆ ತರುವುದು ಕಷ್ಟವೂ ಅಲ್ಲ. ದೊಡ್ಡವರ ಲೋಕ ಸಂಜೆ ಬಂದುಹೋಗಲಿ, ಆದರೆ ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಅದರ ಗುರುತು ಅಲ್ಲಿ ಇರಕೂಡದು.

ಗುರುತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ತತ್ತ್ವದ ಚರ್ಚೆಗಳು ಸಾಮಾನ್ಯವಾಗಿ ಕಸಪೊರಕೆಯವರೆಗೆ ಬರುವುದೇ ಇಲ್ಲ. ಭಾನುವಾರ ಹಾಲು ಉತ್ಪಾದಕರ ಸಂಘದ ಸರ್ವಸದಸ್ಯರ ಸಭೆಯೋ ಯಾರದೋ ಮನೆಯ ಬೀಗರ ಊಟವೋ ನಡೆದ ಶಾಲೆಗೆ ಸೋಮವಾರ ಬೆಳಗ್ಗೆ ಹೋದರೆ ಕಾಣುವುದು ಶಾಮಿಯಾನದ ಗೂಟ ಕಿತ್ತ ಗುಣಿಗಳು, ಕಿಟಕಿಯ ಸರಳಿಗೆ ಸುತ್ತಿಬಿಟ್ಟ ಮೈಕಿನ ತಂತಿ, ಎಲೆಯಡಿಕೆಯ ಕೆಂಪು, ನೀರಿಲ್ಲದೆ ನಾರುವ ಶೌಚಾಲಯ, ಕೆಲವು ಕಡೆ ಬಿಸಿಯೂಟದ ಕೋಣೆಯ ಹಿಂದೆ ಮದ್ಯದ ಖಾಲಿ ಪೊಟ್ಟಣ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಜವಾನರೆಂಬವರು ಅಪರೂಪ. ಆದ್ದರಿಂದ ಇದನ್ನೆಲ್ಲ ಗುಡಿಸುವವರು ಅಡುಗೆಯ ಹೆಂಗಸರು, ಇಲ್ಲವೇ ಮಕ್ಕಳು, ಅದರಲ್ಲೂ ಯಾವ ಮಕ್ಕಳ ಕೈಗೆ ಪೊರಕೆ ಬೇಗ ಬರುತ್ತದೆಂಬುದು ಎಲ್ಲರಿಗೂ ತಿಳಿದ ಗುಟ್ಟು. ಊರಿನ ಸಮಾನ ಜಾಗವೆಂದು ಹೊಗಳಿ ಪಡೆದ ಕಟ್ಟಡದಲ್ಲಿ ಸಮಾನತೆಗೆ ಮೊದಲ ಪೆಟ್ಟು ಬೀಳುವುದು ಭಾಷಣದಿಂದಲ್ಲ, ಈ ಪೊರಕೆಯಿಂದ. ಹಾಗಾಗಿ ಶುಚಿಗೊಳಿಸುವ ಹೊಣೆಯೂ ಅದಕ್ಕಾಗಿ ಮುಂಗಡ ಇಡುವ ಹಣವೂ ಅನುಮತಿಯ ಕೊನೆಯ ಷರತ್ತಾಗಬೇಕಿಲ್ಲ, ಮೊದಲನೆಯದಾಗಬೇಕು.

ಇನ್ನೊಂದು ಗುರುತು ಕಣ್ಣಿಗೆ ಕಾಣುವುದಿಲ್ಲ; ಅದು ವಾಡಿಕೆ. ವರ್ಷಕ್ಕೊಮ್ಮೆ ನಡೆದ ಕಾರ್ಯಕ್ರಮ ತಿಂಗಳಿಗೊಮ್ಮೆಯಾಗಿ, ತಿಂಗಳಿನದು ದಿನನಿತ್ಯದ್ದಾಗಿ, ಗೋಡೆಗೊಂದು ಪಟ, ಮೂಲೆಗೊಂದು ಬೀರು, ಗೇಟಿಗೊಂದು ಫಲಕ ಬಂದ ಮೇಲೆ ಅತಿಥಿ ಯಾರು, ಮನೆಯವರು ಯಾರು ಎಂದು ಹೇಳುವುದು ಕಷ್ಟ. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಲ್ಲಿ ಇದಕ್ಕೊಂದು ಹೆಚ್ಚಿನ ಅಪಾಯವೂ ಉಂಟು. ಹಲವು ಶಾಲೆಗಳು ಹಿಂದೊಮ್ಮೆ ಊರ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ನೆಲದ ಮೇಲೆ ನಿಂತಿವೆ, ದಾನಪತ್ರ ನೋಂದಣಿಯಾಗಿಲ್ಲ, ಖಾತೆ ಶಾಲೆಯ ಹೆಸರಿಗೆ ಬಂದಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಏರಿದ ನೆಲದ ಬೆಲೆ ದಾನಿಗಳ ಮೊಮ್ಮಕ್ಕಳಿಗೆ ಅಜ್ಜನ ಔದಾರ್ಯವನ್ನು ಬೇರೆ ರೀತಿಯಲ್ಲಿ ನೆನಪಿಸುವುದು ಸಹಜ. ಇಂತಹ ಕಡೆ ದೀರ್ಘಕಾಲದ, ಯಾರೂ ತಡೆಯದ ಬಳಕೆಯೇ ನಾಳೆ ಹಕ್ಕಿನ ವಾದಕ್ಕೆ ದಾರಿಯಾಗುತ್ತದೆ. ಆದ್ದರಿಂದ ಯಾವ ಸಂಘಕ್ಕೂ, ಅದರ ಧ್ಯೇಯ ಎಷ್ಟೇ ಉದಾತ್ತವಾಗಿದ್ದರೂ, ಶಾಲೆಯಲ್ಲಿ ಕಾಯಂ ವೇಳಾಪಟ್ಟಿ ಇರಬಾರದು. ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಏಳು ದಿನದ ಶಿಬಿರಕ್ಕೆ ಬಂದು ತರಗತಿಯ ನೆಲದಲ್ಲಿ ಮಲಗಿ ಎದ್ದುಹೋಗುವುದಕ್ಕೂ, ಒಂದೇ ಗುಂಪು ವರ್ಷಗಟ್ಟಲೆ ಪ್ರತಿ ಸಂಜೆ ಅದೇ ಅಂಗಳದಲ್ಲಿ ಸೇರುವುದಕ್ಕೂ ಇರುವ ಅಂತರ ಸಿದ್ಧಾಂತದ್ದಲ್ಲ, ಕಾಲದ್ದು.

ಮೂರನೆಯ ಷರತ್ತು ಬಾಗಿಲಿಗೆ ಸಂಬಂಧಿಸಿದ್ದು. ಶಾಲೆಯೊಳಗೆ ನಡೆಯುವ ಯಾವ ಕೂಟಕ್ಕೂ ಆ ಶಾಲೆಯ ಯಾವ ಮಗುವಿನ ತಾಯಿತಂದೆಯಾದರೂ ಬಂದು ಕೂರಬಹುದೇ ಎಂದು ಕೇಳಬೇಕು. ಸ್ತ್ರೀಶಕ್ತಿ ಸಂಘದ ಸಭೆ, ಗ್ರಾಮಸಭೆ, ಕಣ್ಣಿನ ತಪಾಸಣಾ ಶಿಬಿರ ಇವು ಸುಲಭವಾಗಿ ದಾಟುತ್ತವೆ. ಜಾತಿ ಸಂಘದ ಸಭೆ ದಾಟುವುದಿಲ್ಲ, ಅದಕ್ಕೆ ತನ್ನದೇ ಭವನವಿದೆ. ಧಾರ್ಮಿಕ ಕೂಟಗಳೂ, ಯಾವ ಧರ್ಮದವೇ ಆಗಲಿ, ಬಹುಮಟ್ಟಿಗೆ ದಾಟಲಾರವು. ಸರ್ಕಾರದ ಪೂರ್ಣ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುವ 28ನೇ ವಿಧಿ ಪಾಠದ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡದ್ದೇ ಆದರೂ ಅದರ ಆಶಯ ಸಂಜೆಗೆ ಆರಿಹೋಗುವುದಿಲ್ಲ. ಸ್ವಯಂಸೇವಕ ಸಂಘದ ಶಾಖೆಯಾಗಲಿ, ಎಡಪಂಥೀಯ ಅಧ್ಯಯನ ಶಿಬಿರವಾಗಲಿ, ದಲಿತ ಸಂಘಟನೆಯ ಚರ್ಚೆಯಾಗಲಿ ಇದೇ ಅಳತೆಗೋಲಿಗೆ ಸಿಗಬೇಕು: ಮಾತು ಏನೆಂದು ಅಧಿಕಾರಿ ಕೇಳಬಾರದು, ಬಾಗಿಲು ಯಾರಿಗೆ ತೆರೆದಿದೆ, ಎಷ್ಟು ಕಾಲಕ್ಕೆ, ಗುಡಿಸುವವರು ಯಾರು ಎಂದಷ್ಟೇ ಕೇಳಬೇಕು.

ಹಾಗಾದರೆ ಕೇಳುವವರು ಯಾರು? 2001ರ ಸರ್ಕಾರಿ ಆದೇಶದಿಂದ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ, ಇದಕ್ಕೆ ಹತ್ತಿರದ ಉತ್ತರ. ಇಂತಹ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಹೇಳುತ್ತದೆ; ಮರುದಿನ ಅದೇ ನೆಲದ ಮೇಲೆ ಯಾರ ಮಕ್ಕಳು ಕೂರುತ್ತಾರೋ ಅವರ ಕೈಯಲ್ಲಿ ಬೀಗದ ಕೈ ಇರುವುದು ಬೆಂಗಳೂರಿನ ಕಡತದಲ್ಲಿ ಇರುವುದಕ್ಕಿಂತ ಮೇಲು. ಆದರೆ ಎಸ್‌ಡಿಎಂಸಿ ಅಧ್ಯಕ್ಷರು ಎಷ್ಟೋ ಕಡೆ ಪಂಚಾಯಿತಿ ಸದಸ್ಯರ ತಮ್ಮಂದಿರೇ ಆಗಿರುವಾಗ, ಪೊಲೀಸ್ ಕಮಿಷನರನ ಬಗ್ಗೆ ಸುಪ್ರೀಂ ಕೋರ್ಟ್ ಪಟ್ಟ ಅನುಮಾನವನ್ನು ಅವರ ಬಗ್ಗೆಯೂ ಪಡಬೇಕಾಗುತ್ತದೆ. ಷರತ್ತುಗಳು ಬರಹದಲ್ಲಿರಬೇಕು, ಯಾರು ಕೇಳಿದರು, ಯಾರಿಗೆ ಸಿಕ್ಕಿತು, ಯಾರಿಗೆ ಏಕೆ ಸಿಗಲಿಲ್ಲ ಎಂಬುದು ಶಾಲೆಯ ಸೂಚನಾ ಫಲಕದಲ್ಲಿ ಕಾಣಬೇಕು, ಮತ್ತು ನಿರಾಕರಣೆಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಹೋಗುವಂತಿರಬೇಕು.

ಈ ಅಳತೆಗೋಲಿಗೆ ನಿಜವಾದ ಪರೀಕ್ಷೆ ಒಡ್ಡುವುದು ಸಂಘಟನೆಗಳಲ್ಲ, ಎಲ್ಲರೂ ಮುಗ್ಧವೆಂದು ಒಪ್ಪುವ ಪೌರಾಣಿಕ ನಾಟಕ. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದ ತಾಲೀಮು ಶಾಲೆಯ ಕೋಣೆಯಲ್ಲಿ ನಡೆಯುವುದುಂಟು: ರಾತ್ರಿ ಊಟವಾದ ಮೇಲೆ ಬೆಂಚುಗಳನ್ನು ಗೋಡೆಗೆ ಒತ್ತಿ, ಹಾರ್ಮೋನಿಯಂ ಮೇಷ್ಟ್ರು ನಡುವೆ ಕೂತು, ಮುಖ್ಯೋಪಾಧ್ಯಾಯರ ಕುರ್ಚಿ ದುರ್ಯೋಧನನ ಸಿಂಹಾಸನವಾಗಿ, ತಿಂಗಳುಗಟ್ಟಲೆ ಅಭ್ಯಾಸ. ಶಾಲೆ ಬಿಟ್ಟು ಎಷ್ಟೋ ವರ್ಷವಾದ ಗಂಡಸರು ಮತ್ತೆ ಅಲ್ಲಿ ಕೂತು ಕಂದಪದ್ಯ ಬಾಯಿಪಾಠ ಮಾಡುವುದಕ್ಕಿಂತ ಒಳ್ಳೆಯ ಬಳಕೆ ಇನ್ನೇನಿರಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪಾತ್ರಗಳಿಗೆ ದರವಿರುತ್ತದೆ, ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು ಹಣ ಕೊಡಬೇಕು. ಹಣ ಹೊಂದಿಸಿದರೂ ಕೇರಿಯ ಹುಡುಗನಿಗೆ ಕೃಷ್ಣನ ಕಿರೀಟ ಸಿಗದ ಊರುಗಳು ಇದ್ದವು, ಇವತ್ತಿಗೂ ಇಲ್ಲವೆಂದು ಧೈರ್ಯವಾಗಿ ಹೇಳುವಂತಿಲ್ಲ. ಅಂತಹ ಊರಿನಲ್ಲಿ ನಾಟಕ ಮಂಡಳಿಯ ಅರ್ಜಿ ಎಸ್‌ಡಿಎಂಸಿಯ ಎದುರು ಬಂದರೆ, ಪಾತ್ರ ಹಂಚಿಕೆಯ ಪಟ್ಟಿಯನ್ನೂ ಜೊತೆಗೆ ತರಿಸಿಕೊಂಡು ನೋಡಿದ ಮೇಲೆಯೇ ಕೋಣೆಯ ಬೀಗ ತೆಗೆಯುವುದು ಸರಿ.