ಅಭಿಮಾನಕ್ಕೆ ಎದುರಾಳಿ ಬೇಕೇ?

2019ರಲ್ಲಿ ಪಾಸ್ಖ ಹಬ್ಬ ಏಪ್ರಿಲ್ 21ರಂದು ಬಂದಿತ್ತು. ಹಬ್ಬದ ಸಡಗರ ಇನ್ನೂ ಆರದಿದ್ದ ಆ ವಾರದ ಶುಕ್ರವಾರ, ಅಂದರೆ 26ರಂದು, 'ಅವೆಂಜರ್ಸ್: ಎಂಡ್‌ಗೇಮ್' ಎಂಬ ಇಂಗ್ಲಿಷ್ ಚಲನಚಿತ್ರ ನಗರದಲ್ಲಿ ತೆರೆಕಂಡಿತು. ಪುಲಿಕೇಶಿನಗರದ ಕೋಲ್ಸ್ ಪಾರ್ಕಿನ ಸಮೀಪದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಆಗ ಕಾಲೇಜು ಓದುತ್ತಿದ್ದ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯವನು ಮಾರ್ವೆಲ್ ಸಂಸ್ಥೆಯ ಸಾಹಸವೀರರ ಪರ. ಕಿರಿಯವನು ಅದರ ಪ್ರತಿಸ್ಪರ್ಧಿಯಾದ ಡಿ.ಸಿ. ಸಂಸ್ಥೆಯ ಪರ. ಒಬ್ಬನ ಗೋಡೆಯ ಮೇಲೆ ಸ್ಪೈಡರ್‌ಮ್ಯಾನ್, ಇನ್ನೊಬ್ಬನ ಗೋಡೆಯ ಮೇಲೆ ಬ್ಯಾಟ್‌ಮನ್. ಕೋಣೆ ಮಾತ್ರ ಒಂದೇ.

ಹಿರಿಯವನಿಗೆ ಭಾನುವಾರದ ಆಟಕ್ಕೆ ಟಿಕೆಟ್ ದೊರೆತಿತ್ತು. ಶನಿವಾರ ರಾತ್ರಿ ಊಟಕ್ಕೆ ಕುಳಿತಾಗ ಕಿರಿಯವನು, ಗೆಳೆಯರಿಂದ ಕೇಳಿ ತಿಳಿದಿದ್ದ ಕಥೆಯ ಮುಕ್ತಾಯವನ್ನು, ಯಾರು ಸಾಯುತ್ತಾರೆ ಎಂಬುದನ್ನೂ ಸೇರಿಸಿ, ಅನ್ನ ಕಲಸುತ್ತಲೇ ಹೇಳಿಬಿಟ್ಟ. ಅದು ಬಾಯ್ತಪ್ಪಿ ಬಂದ ಮಾತಾಗಿರಲಿಲ್ಲ. 2016ರಲ್ಲಿ ಬ್ಯಾಟ್‌ಮನ್ ಮತ್ತು ಸೂಪರ್‌ಮ್ಯಾನ್ ಎದುರುಬದುರಾದ ಡಿ.ಸಿ.ಯ ಚಿತ್ರವನ್ನು ವಿಮರ್ಶಕರು ಹೀಗಳೆದಾಗ ಅಣ್ಣ ತನ್ನ ಗೆಳೆಯರ ಮುಂದೆ ತಮ್ಮನನ್ನು ಗೇಲಿ ಮಾಡಿದ್ದ. ಮೂರು ವರ್ಷ ಒಳಗೇ ಉಳಿದಿದ್ದ ಆ ನೋವು ಅಂದು ಲೆಕ್ಕ ಚುಕ್ತಾ ಮಾಡಿಕೊಂಡಿತು.

ಹಿರಿಯವನು ತಟ್ಟೆ ಬಿಟ್ಟು ಎದ್ದ. ಮಳೆಗಾಲ ಮುಗಿಯುವವರೆಗೂ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. "ಅವನಿಗೆ ಹೇಳಮ್ಮ", "ಇವನನ್ನು ಕೇಳಮ್ಮ" ಎಂದು ಒಂದೇ ಕೋಣೆಯ ಇಬ್ಬರ ನಡುವೆ ಅಕ್ಕ ಸುದ್ದಿ ಸಾಗಿಸಬೇಕಾಯಿತು. "ಎಲ್ಲಿಯೋ ಯಾರೋ ಬರೆದ ಬೊಂಬೆಗಳಿಗಾಗಿ ನನ್ನ ಮನೆಯಲ್ಲಿ ಎರಡು ಒಲೆ ಹೂಡುವಂತಾಯಿತಲ್ಲ" ಎಂದು ಆಕೆ ನನ್ನ ಬಳಿ ಕಣ್ಣೀರಿಟ್ಟಳು.

ಇದನ್ನು ಹುಡುಗಾಟಿಕೆಯೆಂದು ನಕ್ಕು ಬದಿಗಿಡುವುದು ಸುಲಭ. ಆದರೆ ಮೆಚ್ಚಿದ ವಸ್ತುವಿಗೆ ನಾವು ತೋರುವ ನಿಷ್ಠೆ ನಿಜವಾಗಿ ಯಾರಿಗೆ ಸಲ್ಲುತ್ತದೆ? ಆ ನಿಷ್ಠೆ ಬದುಕಿರಲು ಒಬ್ಬ ಎದುರಾಳಿ ಬೇಕೇ ಬೇಕೆ? ಈ ಪ್ರಶ್ನೆಗಳು ಹುಡುಗರಿಗೆ ಮಾತ್ರ ಸೇರಿದವಲ್ಲ.

ಈ ಚಿತ್ರಕಥೆಗಳನ್ನು ಪ್ರೀತಿಸುವುದರಲ್ಲಿ ತಪ್ಪೇನೂ ಇಲ್ಲ. 'ಸುಧಾ' ವಾರಪತ್ರಿಕೆಯ ಫ್ಯಾಂಟಮ್ ಪುಟಕ್ಕಾಗಿ ಮನೆಯವರೊಡನೆ ಕಿತ್ತಾಡಿದ ನಮ್ಮ ಪೀಳಿಗೆಗೆ ಅದನ್ನು ಜರೆಯುವ ಹಕ್ಕೂ ಇಲ್ಲ. ಅವುಗಳಲ್ಲಿ ಕೆಲವು ಗಂಭೀರವಾದ ನೀತಿಯನ್ನೂ ಹೇಳುತ್ತವೆ. 1962ರಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಡರ್‌ಮ್ಯಾನ್ ತನಗೆ ಸಂಬಂಧವಿಲ್ಲವೆಂದು ಒಬ್ಬ ಕಳ್ಳನನ್ನು ತಪ್ಪಿಸಿಕೊಂಡು ಹೋಗಲು ಬಿಡುತ್ತಾನೆ. ಮುಂದೆ ಅದೇ ಕಳ್ಳ ಅವನ ಸಾಕುತಂದೆಯಂತಿದ್ದ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಮಾಡಬಹುದಾಗಿದ್ದ ಒಳಿತನ್ನು ಮಾಡದೆ ಬಿಡುವುದೂ ಪಾಪವೆಂಬುದನ್ನು ಹದಿನೈದರ ಹುಡುಗನಿಗೆ ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಕಥೆಯಿಂದ ಇಷ್ಟು ಕಲಿತವನು ತನ್ನ ತಮ್ಮನನ್ನೇ ಶತ್ರುವೆಂದು ಕಂಡರೆ, ದೋಷ ಕಥೆಯದಲ್ಲ. ಕಥೆಯನ್ನು ಧ್ವಜವಾಗಿಸಿಕೊಂಡ ಮನಸ್ಸಿನದು.

ಆ ಧ್ವಜಗಳ ಹಿಂದೆ ಏನಿದೆ ಎಂಬುದನ್ನೂ ನೋಡೋಣ. ಪುಲಿಕೇಶಿನಗರಕ್ಕೆ ಹೊಂದಿಕೊಂಡೇ ನಮ್ಮ ಕ್ಲೀವ್‌ಲ್ಯಾಂಡ್ ಟೌನ್ ಇದೆ. ಅದಕ್ಕೂ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕೂ ಹೆಸರಿನ ಹೋಲಿಕೆಯ ಹೊರತು ನಂಟಿಲ್ಲ. ಆ ನಗರದಲ್ಲಿ, ಯಹೂದಿ ವಲಸಿಗರ ಮನೆಗಳಲ್ಲಿ ಬೆಳೆದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರು ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದರು. 1938ರಲ್ಲಿ ಅವನ ಸಂಪೂರ್ಣ ಹಕ್ಕುಗಳನ್ನು ಅವರು ಮಾರಿದ್ದು 130 ಡಾಲರಿಗೆ. ಮುಂದೆ ಆ ಪಾತ್ರ ಕೋಟಿಗಟ್ಟಲೆ ಹಣ ತಂದರೂ ಸೃಷ್ಟಿಕರ್ತರು ಕಷ್ಟದಲ್ಲೇ ದಿನ ಕಳೆದರು. 1975ರ ಕೊನೆಯಲ್ಲಿ, ಸಾರ್ವಜನಿಕರ ಒತ್ತಾಯ ಹೆಚ್ಚಿದಾಗ, ತಲಾ 20,000 ಡಾಲರುಗಳ ವಾರ್ಷಿಕ ವೇತನವನ್ನೂ ಪುಸ್ತಕದಲ್ಲಿ ಅವರ ಹೆಸರು ಅಚ್ಚಾಗುವ ಗೌರವವನ್ನೂ ಮಾಲೀಕ ಸಂಸ್ಥೆ ಒಪ್ಪಿಕೊಂಡಿತು. ಮಾರ್ವೆಲ್‌ನ ಬಹುಪಾಲು ವೀರರಿಗೆ ರೂಪ ಕೊಟ್ಟ ಚಿತ್ರಕಾರ ಜ್ಯಾಕ್ ಕಿರ್ಬಿಯ ಕಥೆಯೂ ಹೆಚ್ಚು ಭಿನ್ನವಲ್ಲ. ಅಲ್ಲಿ ತನ್ನ ದುಡಿಮೆಗೆ ತಕ್ಕ ಮನ್ನಣೆ ಸಿಗಲಿಲ್ಲವೆಂದು ನೊಂದು ಅವರು 1970ರಲ್ಲಿ ಡಿ.ಸಿ.ಗೆ ಹೋದರು; ಕೆಲವು ವರ್ಷಗಳ ಬಳಿಕ ಮಾರ್ವೆಲ್‌ಗೇ ಮರಳಿದರು.

ಇನ್ನು ಹಗೆಯ ವಿಷಯ. 1976ರಲ್ಲೇ ಎರಡೂ ಸಂಸ್ಥೆಗಳು ಕೈಜೋಡಿಸಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಜೊತೆಗಿರುವ ಪುಸ್ತಕ ಹೊರತಂದವು. 1996ರಲ್ಲಿ ಎರಡೂ ಕಡೆಯ ವೀರರನ್ನು ಪರಸ್ಪರ ಸೆಣಸಲು ಬಿಟ್ಟು, ಐದು ಕಾಳಗಗಳ ಫಲಿತಾಂಶವನ್ನು ಓದುಗರ ಮತಕ್ಕೇ ಒಪ್ಪಿಸಿದವು. ಮೂರರಲ್ಲಿ ಮಾರ್ವೆಲ್, ಎರಡರಲ್ಲಿ ಡಿ.ಸಿ. ಗೆದ್ದಿತು, ಪುಸ್ತಕ ಮಾರಿದ ಲಾಭ ಇಬ್ಬರಿಗೂ ಸಂದಿತು. ಮಾರ್ವೆಲ್‌ಗಾಗಿ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ಚಿತ್ರಗಳನ್ನು ಮಾಡಿದ ಜೇಮ್ಸ್ ಗನ್ 2022ರಲ್ಲಿ ಡಿ.ಸಿ.ಯ ಚಿತ್ರವಿಭಾಗದ ಮುಖ್ಯಸ್ಥರಲ್ಲಿ ಒಬ್ಬರಾದರು. 2025ರ ಸೂಪರ್‌ಮ್ಯಾನ್ ಚಿತ್ರ ಅವರದೇ. ಅದೇ 2022ರಲ್ಲಿ, ಎರಡೂ ಸಂಸ್ಥೆಗಳಿಗೆ ದುಡಿದಿದ್ದ ಚಿತ್ರಕಾರ ಜಾರ್ಜ್ ಪೆರೆಜ್ ಮರಣಶಯ್ಯೆಯಲ್ಲಿದ್ದಾಗ, ಅವರು ಬಿಡಿಸಿದ್ದ ಜಂಟಿ ಪುಸ್ತಕದ 7,000 ಪ್ರತಿಗಳನ್ನು ಕಷ್ಟದಲ್ಲಿರುವ ಕಲಾವಿದರ ಸಹಾಯಾರ್ಥವಾಗಿ ಮರುಮುದ್ರಿಸಲು ಇಬ್ಬರೂ ಒಪ್ಪಿದರು.

ಅಂದರೆ, ಕಲಾವಿದರು ಆ ಮನೆಯಿಂದ ಈ ಮನೆಗೆ ನಡೆದಾಡುತ್ತಾರೆ. ಮಾಲೀಕರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಯುದ್ಧ ನಡೆಯುವುದು ಕೋಲ್ಸ್ ಪಾರ್ಕಿನ ಬಳಿಯ ಒಂದು ಕೋಣೆಯಲ್ಲಿ. ಕಿರ್ಬಿಯ ಹೆಸರನ್ನಾಗಲಿ ಶುಸ್ಟರನ ಹೆಸರನ್ನಾಗಲಿ ನನ್ನ ಸೋದರಳಿಯರು ಆವರೆಗೆ ಕೇಳಿಯೇ ಇರಲಿಲ್ಲ. ಅವರ ನಿಷ್ಠೆ ಸಂದದ್ದು ಮನುಷ್ಯರಿಗಲ್ಲ, ಮುದ್ರೆಗೆ.

ಆದರೆ ಅವರಿಗೆ ಬುದ್ಧಿ ಹೇಳಲು ಹೊರಟಾಗ ನನ್ನ ನಾಲಗೆ ಕಟ್ಟಿತು. ಏಕೆಂದರೆ ನಾನೂ ಅದೇ ದಾರಿಯಲ್ಲಿ ನಡೆದವನೇ. 1973ರ 'ಗಂಧದ ಗುಡಿ'ಯಲ್ಲಿ ಡಾ. ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಜೊತೆಯಾಗಿ ನಟಿಸಿದ ಮೇಲೆ, ಆ ಚಿತ್ರೀಕರಣದ ಸುತ್ತ ಹಬ್ಬಿದ ವದಂತಿಗಳಿಂದ ಅಭಿಮಾನಿಗಳು ಎರಡು ಪಾಳೆಯವಾದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಎಂಬತ್ತರ ದಶಕದಲ್ಲಿ ದಂಡುಪ್ರದೇಶದ ಶಾಲೆಯೊಂದರಲ್ಲಿ ಓದುತ್ತಿದ್ದ ನಾನು ರಾಜ್ ಪಾಳೆಯದವನು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ವಿಷ್ಣು ಪಾಳೆಯದವನು. ಅವನು ಲೆಕ್ಕದ ಪುಸ್ತಕದ ರಟ್ಟಿನ ಮೇಲೆ ಅಂಟಿಸಿಕೊಂಡಿದ್ದ ವಿಷ್ಣುವರ್ಧನ್ ಚಿತ್ರವನ್ನು ಒಂದು ದಿನ ನಾನು ಹರಿದು ಹಾಕಿದೆ. ಅವನು ಜಗಳವಾಡಲಿಲ್ಲ. ಪುಸ್ತಕ ಎತ್ತಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅಲ್ಲೇ ಇದ್ದ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಹರಿದ ಚಿತ್ರ. ಗೆಳೆಯನಿಗೆ ಎರಡು ಮಾತು ಹೇಳಬೇಕೆನಿಸಿತು. ಆದರೆ ಅವನು ಎಲ್ಲಿದ್ದಾನೆಂದು ತಿಳಿಯುವ ದಾರಿ ನನಗೆ ಉಳಿದಿರಲಿಲ್ಲ.

'ಅಭಿಮಾನ' ಎಂಬ ನಮ್ಮ ಪದವೇ ಇಬ್ಬಗೆಯದು. ಅದಕ್ಕೆ ಪ್ರೀತಿಯೆಂಬ ಅರ್ಥವೂ ಇದೆ, ಅಹಂಕಾರವೆಂಬ ಅರ್ಥವೂ ಇದೆ. ಎಲ್ಲಿಯವರೆಗೆ ಅದು ಪ್ರೀತಿ, ಎಲ್ಲಿಂದ ಅಹಂಕಾರ ಎಂದು ಗುರುತಿಸಲು ನನಗೆ ಒಂದೇ ಒರೆಗಲ್ಲು ಕಾಣುತ್ತದೆ. ಎದುರು ಪಕ್ಷದ ಕೃತಿ ಸೋತಾಗ ನಮಗೆ ಹಿಗ್ಗಾಗುತ್ತದೆಯೇ? ಆಗುವುದಾದರೆ ನಾವು ಪ್ರೀತಿಸುತ್ತಿರುವುದು ನಮ್ಮ ನಾಯಕನನ್ನಲ್ಲ, ಅವನ ಹೆಸರಿನಲ್ಲಿ ನಮ್ಮನ್ನೇ. ಸೂಪರ್‌ಮ್ಯಾನ್ ಚಿತ್ರ ಕೆಟ್ಟದಾಯಿತೆಂದು ಸ್ಪೈಡರ್‌ಮ್ಯಾನ್ ಚಿತ್ರ ಎಳ್ಳಷ್ಟೂ ಉತ್ತಮವಾಗುವುದಿಲ್ಲ. ಉಬ್ಬುವುದು ನೋಡುಗನ ಎದೆ ಮಾತ್ರ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದು ಕೈಮುಗಿಯುತ್ತಿದ್ದರು. ಆ ವಿನಯವನ್ನು ಕಂಡು ಚಪ್ಪಾಳೆ ತಟ್ಟಿದ ನಾನು, ಅದನ್ನು ಪಕ್ಕದ ಗೆಳೆಯನಿಗೆ ತೋರಲು ಕಲಿಯಲಿಲ್ಲ.

ಸಂತ ಪೌಲರ ಕಾಲದ ಕೊರಿಂಥದಲ್ಲೂ ಜನ ಪೌಲರ ಕಡೆ, ಅಪೊಲ್ಲೋನ ಕಡೆ, ಪೇತ್ರರ ಕಡೆ ಎಂದು ಹಂಚಿಹೋಗಿದ್ದರು. ಪೌಲರು ಗದರಿದ್ದು ಎದುರು ಬಣದವರನ್ನು ಮಾತ್ರವಲ್ಲ; ತಮ್ಮ ಹೆಸರು ಹಿಡಿದು ಕೂಗುತ್ತಿದ್ದವರನ್ನೂ. ನಿಜವಾದ ನಾಯಕನಿಗೆ ಇಂತಹ ಹಿಂಬಾಲಕರು ಭೂಷಣವಲ್ಲ, ಭಾರ.

"ಹಾಗಾದರೆ ವಾದವನ್ನೇ ಮಾಡಬಾರದೇ ಮಾಮ?" ಎಂದು ಕಿರಿಯವನು ಕೇಳಿದ. ಮಾಡಬೇಕು. ಯಾವ ಕಥೆ ಮೇಲು, ಏಕೆ ಮೇಲು ಎಂದು ತರ್ಕಿಸುವುದರಿಂದಲೇ ರುಚಿ ಹದಗೊಳ್ಳುತ್ತದೆ. ಇಬ್ಬರಿಗೂ ಒಂದೇ ಅಭಿಪ್ರಾಯವಿರುವ ಮನೆಯಲ್ಲಿ ಊಟದ ಹೊತ್ತು ಬಹಳ ಸಪ್ಪೆ. ಆದರೆ ವಾದದಲ್ಲಿ ಗೆಲ್ಲುವ ಭರದಲ್ಲಿ ಅಣ್ಣ ಎರಡು ವಾರ ಕಾದು ಪಡೆದ ಸಂತೋಷವನ್ನು ಕಸಿಯುವ ಹಕ್ಕು ಯಾವ ಬ್ಯಾಟ್‌ಮನ್ನನೂ ಅವನಿಗೆ ಕೊಟ್ಟಿರಲಿಲ್ಲ. ಇದನ್ನು ಹೇಳಿ, ನನ್ನ ಗೆಳೆಯನ ಕಥೆಯನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ, ಉತ್ತರ ಕೊಡಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಅವರ ನಡುವೆ ಮಾತು ಮೆಲ್ಲನೆ ಮರಳಿತು. ಹಿರಿಯವನು ಈಗ ಉದ್ಯೋಗದ ನಿಮಿತ್ತ ಪುಣೆಯಲ್ಲಿದ್ದಾನೆ. 2025ರ ಜುಲೈನಲ್ಲಿ ಸೂಪರ್‌ಮ್ಯಾನ್ ಚಿತ್ರ ಬಂದಾಗ ರಜೆ ಹಾಕಿ ಊರಿಗೆ ಬಂದ. ಟಿಕೆಟ್ ತೆಗೆದವನು ಅವನೇ, ಎರಡು. ಮುಗಿಸಿ ಬಂದವರು ಮಸೀದಿ ರಸ್ತೆಯಲ್ಲಿ ತಿಂದು, ನಡುರಾತ್ರಿಯವರೆಗೂ ಅಕ್ಕನ ಅಡುಗೆಮನೆಯಲ್ಲಿ ಕುಳಿತು ಆ ಚಿತ್ರದ ಬಗ್ಗೆ ಜೋರಾಗಿ ವಾದಿಸಿದರಂತೆ. ಅಕ್ಕ ಅದನ್ನು ಫೋನಿನಲ್ಲಿ ಹೇಳುವಾಗ ನಗುತ್ತಿದ್ದಳು.

ನಮ್ಮ ಮನೆಗಳಲ್ಲಿ ಜಗಳದ ವಿಷಯ ಸಿನಿಮಾ ಇರಬಹುದು, ಕ್ರಿಕೆಟ್ ಇರಬಹುದು, ಚುನಾವಣೆಯ ಚಿಹ್ನೆ ಇರಬಹುದು. ಈ ವಾರ ಊಟಕ್ಕೆ ಕುಳಿತಾಗ ಒಮ್ಮೆ ಯೋಚಿಸೋಣ: ಯಾರದೋ ಧ್ವಜ ಹಿಡಿಯಲು ಹೋಗಿ ನಾವು ಕೈಬಿಟ್ಟ ಕೈ ಯಾರದು? ಅವರ ದೂರವಾಣಿ ಸಂಖ್ಯೆ ಇನ್ನೂ ನಮ್ಮಲ್ಲಿದ್ದರೆ, ಅದು ನಮ್ಮ ಭಾಗ್ಯ.