ಹಣ ಬದಲಾದರೂ ನ್ಯಾಯ ಬದಲಾಗದು



ಗಂಗಾವತಿ ತಾಲೂಕಿನ ಆನೆಗೊಂದಿಯ ಬಳಿ ಹನುಮನಹಳ್ಳಿ ಎಂಬ ಊರಿದೆ. ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ. ಹಂಪಿ ನೋಡಲು ಬಂದ ಹೊರದೇಶದವರು ಈ ದಡದಲ್ಲಿ ದಿನಗಟ್ಟಲೆ ತಂಗುವುದುಂಟು. ಇಂಥ ಪ್ರವಾಸಿಗರ ನಡುವೆ, ಯಾವ ಕಂಪನಿಯ ನೌಕರಿಯೂ ಇಲ್ಲದೆ, ಕಂಪ್ಯೂಟರ್ ಹಿಡಿದು ಊರೂರು ಸುತ್ತುತ್ತಲೇ ಬಿಡಿ ಕೆಲಸ ಮಾಡಿ ಬದುಕುವವರೂ ಇರುತ್ತಾರೆ. ಅವರ ಸಂಪಾದನೆ ಡಾಲರ್ ಅಥವಾ ಯೂರೋದಲ್ಲಿ, ಊಟದ ಖರ್ಚು ರೂಪಾಯಿಯಲ್ಲಿ. ನಮ್ಮ ಮನೆಯ ಮಕ್ಕಳೂ ಇಂದು ಹೊರದೇಶಗಳಲ್ಲಿ ಹೀಗೆ ದುಡಿಯುತ್ತಿದ್ದಾರೆ. ಹೀಗೆ ಒಂದು ನಾಣ್ಯ ಇನ್ನೊಂದಾಗಿ ಬದಲಾಗುವಾಗ ಯಾರು ಯಾರಿಗೆ ಏನು ಸಲ್ಲಿಸಬೇಕು?

ಪ್ರಶ್ನೆ ಹಳೆಯದು. ವಿಜಯನಗರದ ಕಾಲದಲ್ಲಿ ಇದೇ ನೆಲದಲ್ಲಿ ಸುಮಾರು 3.4 ಗ್ರಾಂ ತೂಕದ ವರಾಹವೆಂಬ ಚಿನ್ನದ ನಾಣ್ಯ ಚಲಾವಣೆಯಲ್ಲಿತ್ತು. ಪರದೇಶದ ವರ್ತಕರು ಅದನ್ನು ತೂಗಿ, ಒರೆಗೆ ಹಚ್ಚಿ ನೋಡಬಹುದಿತ್ತು. ಇಂದಿನ ವಿನಿಮಯಕ್ಕೆ ಕಣ್ಣಿಗೆ ಕಾಣುವ ಒರೆಗಲ್ಲಿಲ್ಲ. "ಶುಲ್ಕವಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದವರು ದರದಲ್ಲಿಯೇ ಲಾಭ ಅಡಗಿಸಿಡಬಹುದು. ಸಾವಿರ ಡಾಲರ್ ಬದಲಿಸುವಾಗ ಮಾರುಕಟ್ಟೆಯ ದರಕ್ಕಿಂತ ಶೇಕಡ 3 ಕಡಿಮೆ ಕೊಟ್ಟರೆ 30 ಡಾಲರ್ ಸದ್ದಿಲ್ಲದೆ ಹೋಯಿತು.

ಹಾಗಾದರೆ ವಿನಿಮಯದ ಲಾಭವೇ ಪಾಪವೇ? ಅಲ್ಲ. ಜೆರುಸಲೇಮಿನ ದೇವಾಲಯದ ತೆರಿಗೆಯನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲಿ ಕಟ್ಟಬೇಕಿತ್ತು. ದೂರದ ಯಾತ್ರಿಕರಿಗೆ ಚಿನಿವಾರರು ಬೇಕೇ ಬೇಕಿತ್ತು. ಪ್ರಭು ಯೇಸು ಅವರ ಮೇಜುಗಳನ್ನು ಕೆಡವಿದ್ದು ದೇವರ ಆಲಯ ವಂಚನೆಯ ಸಂತೆಯಾದುದಕ್ಕೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಬಂಧುವಾಗಿದ್ದ ಧರ್ಮಗುರು ಮಾರ್ತಿನ್ ದೆ ಆಸ್ಪಿಲ್ಕುವೇತಾ, 1556ರಲ್ಲಿ ಪ್ರಕಟವಾದ ವಿನಿಮಯದ ಕುರಿತ ಗ್ರಂಥದಲ್ಲಿ, ಹಣ ವಿರಳವಾಗಿರುವ ಕಡೆ ಅದರ ಬೆಲೆ ಹೆಚ್ಚು ಎಂದು ತೋರಿಸಿ, ನಾಣ್ಯ ಬದಲಿಸುವವನ ಶ್ರಮಕ್ಕೆ ನ್ಯಾಯವಾದ ಪ್ರತಿಫಲ ಸಲ್ಲುತ್ತದೆ ಎಂದು ಒಪ್ಪಿಕೊಂಡರು.

ಆದರೆ ಮಿತಿ ಎಲ್ಲಿ? ಸಂತ ತೋಮಸ್ ಅಕ್ವಿನಾಸರು ಒಂದು ಸೂಕ್ಷ್ಮವನ್ನು ಹೇಳುತ್ತಾರೆ: ಮಾರುವವನಿಗೆ ನಷ್ಟವೇನೂ ಇಲ್ಲದಿರುವಾಗ, ಕೊಳ್ಳುವವನಿಗೆ ಅದು ತುಂಬಾ ಅಗತ್ಯ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಬಾರದು. ಆ ಅಗತ್ಯ ಕೊಳ್ಳುವವನದು. ತನ್ನದಲ್ಲದ್ದನ್ನು ಯಾರೂ ಮಾರಲಾಗದು.

ಈ ಮಾತನ್ನು ಹನುಮನಹಳ್ಳಿಗೆ ಅನ್ವಯಿಸಿ ನೋಡಿ. ರಾತ್ರಿ ಹೊತ್ತು ಕೈಯಲ್ಲಿ ರೂಪಾಯಿ ಇಲ್ಲದ ಪರದೇಶಿಗೆ ಮನಬಂದ ದರ ಹೇಳುವವನು ಅವನ ಕಷ್ಟವನ್ನೇ ಮಾರುತ್ತಾನೆ. ಹಾಗೆಯೇ, ಡಾಲರಿನಲ್ಲಿ ಗಳಿಸುವವನು ತನ್ನ ಕೆಲಸದ ಒಂದು ಪಾಲನ್ನು ಗಂಗಾವತಿಯ ಹುಡುಗನಿಂದ ಮಾಡಿಸಿ, "ನಿಮ್ಮೂರಿಗೆ ಇಷ್ಟೇ ಜಾಸ್ತಿ" ಎಂದು ಚಿಲ್ಲರೆ ಕೊಟ್ಟರೆ, ಅವನೂ ಆ ಹುಡುಗನ ಬಡತನದ ಮೇಲೆ ಲಾಭ ಮಾಡುತ್ತಾನೆ. ಇಬ್ಬರಲ್ಲಿಯೂ ದರ ಬಲ್ಲವನು ದರ ಅರಿಯದವನ ಎದುರು ಮೌನವಾಗಿದ್ದಾನೆ. ಆ ಮೌನದಲ್ಲಿಯೇ ಅನ್ಯಾಯವಿದೆ.

ಬುದ್ಧಿವಂತಿಕೆಯೂ ಒಂದು ಸದ್ಗುಣ. ಆದ್ದರಿಂದ ಹೊರದೇಶದಲ್ಲಿ ದುಡಿಯುವ ಮಗನಿಗೋ ಮಗಳಿಗೋ ಇಷ್ಟು ತಿಳಿಸಿರಿ. ಯಾವ ಹಣದಲ್ಲಿ ಕೂಲಿ, ಬ್ಯಾಂಕಿನ ಖರ್ಚು ಯಾರದು ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಳ್ಳಲಿ. ಪರದೇಶದ ಎಟಿಎಂ ಯಂತ್ರ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?" ಎಂದು ಕೇಳಿದರೆ ಬೇಡವೆಂದು ಆ ದೇಶದ ಹಣವನ್ನೇ ಆರಿಸಲಿ, ಸಾಮಾನ್ಯವಾಗಿ ಅದೇ ಅಗ್ಗ. ಹಣ ಕಳಿಸುವ ಮೊದಲು ಶುಲ್ಕವನ್ನಷ್ಟೇ ನೋಡದೆ, ಕೊನೆಗೆ ಕೈಗೆ ಸೇರುವ ರೂಪಾಯಿ ಎಷ್ಟೆಂದು ಹೋಲಿಸಲಿ. ಹವಾಲಾದ ದರ ಎಷ್ಟೇ ಆಕರ್ಷಕವಾಗಿದ್ದರೂ ಅದು ಕಾನೂನುಬಾಹಿರ, ಅತ್ತ ತಲೆಹಾಕದಿರಲಿ. ಅನಿವಾಸಿಯಾದವರು ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬ ನಿಯಮವಿದೆ, ಅದನ್ನು ಪಾಲಿಸಲಿ.

ನೀವು ತಂದೆತಾಯಿಯರು ಇನ್ನೊಂದು ಮಾತು ಸೇರಿಸಿರಿ: "ಮಗೂ, ನಿನಗೆ ಯಾರೂ ದರ ಮುಚ್ಚಿಡಬಾರದೆಂದು ಬಯಸುತ್ತೀಯಲ್ಲ, ನಿನ್ನ ಕೈಕೆಳಗೆ ದುಡಿಯುವವನಿಗೂ ದರ ಹೇಳು." ಮಕ್ಕಳು ಎಷ್ಟು ಕಳಿಸಿದರೆಂದು ಕೇಳುವ ನಾವು, ಅದನ್ನು ಹೇಗೆ ಗಳಿಸಿದರೆಂದೂ ಒಮ್ಮೆ ಪ್ರೀತಿಯಿಂದ ಕೇಳೋಣ.