ಸಾಹೇಬರ ಮಗನ ಸಾಮಾನು

ದೊಡ್ಡ ಸಾಹೇಬರು ಬರುತ್ತಾರೆಂದರೆ ರಾತ್ರೋರಾತ್ರಿ ರಸ್ತೆಯ ಗುಂಡಿ ಮುಚ್ಚುತ್ತದೆ, ಅಂಚಿಗೆ ಸುಣ್ಣದ ಗೆರೆ ಬೀಳುತ್ತದೆ. ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಕಾಫಿ ಸ್ಟೀಲ್ ಲೋಟದಲ್ಲೋ ಪಿಂಗಾಣಿ ಕಪ್ಪಿನಲ್ಲೋ ಎಂಬುದು ಬಂದವರ ಅಂತಸ್ತಿನ ಮೇಲೆ ಹೋಗುತ್ತದೆ. ಸತ್ಕಾರ ತಪ್ಪೇನಲ್ಲ. ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳುವವರು ಮಾತ್ರ ಅಪರೂಪ.

ಹಾಗೆ ಕೇಳಿದವನೊಬ್ಬ ಚೀನಾದಲ್ಲಿ ಮಿಂಗ್ ಅರಸರ ಕಾಲದಲ್ಲಿದ್ದ. ಹೆಸರು ಹೈ ರುಯಿ. 1514ರಲ್ಲಿ ಹೈನಾನ್ ದ್ವೀಪದಲ್ಲಿ ಹುಟ್ಟಿದ. ಎಳವೆಯಲ್ಲೇ ತಂದೆ ಹೋದರು, ತಾಯಿಯೇ ಓದಿಸಿದಳು. ಸರ್ಕಾರಿ ಹುದ್ದೆಯ ಪ್ರಾಂತೀಯ ಪರೀಕ್ಷೆ ಒಲಿಯಿತು, ರಾಜಧಾನಿಯ ಪರೀಕ್ಷೆ ಒಲಿಯಲಿಲ್ಲ. ಉಪಾಧ್ಯಾಯನಾಗಿದ್ದು, 1558ರಲ್ಲಿ ಝೆಜಿಯಾಂಗ್ ಪ್ರಾಂತದ ಛುನ್‌ಆನ್ ಎಂಬ ಬಡ ಸೀಮೆಗೆ ಅಧಿಕಾರಿಯಾಗಿ ಬಂದ. ಕಚೇರಿಗೆ ಸಲ್ಲುತ್ತಿದ್ದ ಮಾಮೂಲುಗಳನ್ನು ಪಟ್ಟಿಮಾಡಿ ರದ್ದುಗೊಳಿಸಿದ. ಅಷ್ಟು ಬಿಗಿಯಾಗಿ ಬದುಕುತ್ತಿದ್ದ ಅವನು ತಾಯಿಯ ಹುಟ್ಟುಹಬ್ಬಕ್ಕೆ ಒಂದಿಷ್ಟು ಮಾಂಸ ಕೊಂಡದ್ದು ಮೇಲಧಿಕಾರಿ ಹು ಝೋಂಗ್‌ಶಿಯನ್‌ನ ಬಾಯಲ್ಲೂ ಸುದ್ದಿಯಾಯಿತಂತೆ!

ಆ ಹು ಸಾಹೇಬನ ಮಗ ಒಮ್ಮೆ ಛುನ್‌ಆನ್ ಹಾದು ಹೊರಟ. ಸರ್ಕಾರಿ ತಂಗುದಾಣದ ಉಪಚಾರ ಸಾಲದೆಂದು ಅಲ್ಲಿನ ನೌಕರನನ್ನು ತಲೆಕೆಳಗಾಗಿ ನೇತುಹಾಕಿಸಿದ. ಹೈ ರುಯಿ ಕೂಗಾಡಲಿಲ್ಲ. ದಾರಿಯಲ್ಲಿ ಯಾರೂ ಆಡಂಬರ ಮಾಡಕೂಡದೆಂದು ಹು ಸಾಹೇಬರೇ ಅಪ್ಪಣೆ ಕೊಡಿಸಿದ್ದಾರೆ, ಇಷ್ಟೊಂದು ಪೆಟ್ಟಿಗೆ ಹೊತ್ತು ತಿರುಗುವವನು ಅವರ ಮಗನಾಗಿರಲು ಸಾಧ್ಯವೇ ಇಲ್ಲ, ಯಾರೋ ವೇಷಧಾರಿ ಎಂದ. ಪೆಟ್ಟಿಗೆಗಳಲ್ಲಿದ್ದ ಬೆಳ್ಳಿ ಖಜಾನೆಗೆ ಹೋಯಿತು, ವರದಿ ತಂದೆಗೆ ಹೋಯಿತು. ತಂದೆ ತುಟಿಪಿಟಕ್ಕೆನ್ನಲಿಲ್ಲ. ನನಗೆ ಈ ಪ್ರಸಂಗದಲ್ಲಿ ಹಿಡಿಸುವುದು ಧೈರ್ಯಕ್ಕಿಂತ ಜಾಣತನ. ದೊಡ್ಡವರ ಮಾತನ್ನೇ ಅಕ್ಷರಶಃ ನಂಬಿದಂತೆ ನಡೆದರೆ ಅವರಿಗೆ ದಾರಿಯೇ ಉಳಿಯುವುದಿಲ್ಲ.

ಹೈ ರುಯಿಯ ಹೆಸರು ನಿಂತದ್ದು 1566ರ ಪತ್ರದಿಂದ. ಅಮರತ್ವದ ಹಂಬಲದಲ್ಲಿ ವರ್ಷಗಟ್ಟಲೆ ದರ್ಬಾರಿಗೇ ಬಾರದ ಜಿಯಾಜಿಂಗ್ ಚಕ್ರವರ್ತಿಗೆ ಅವನ ತಪ್ಪುಗಳನ್ನು ನೇರವಾಗಿ ಬರೆದ; ಬರೆಯುವ ಮುನ್ನ ತನ್ನ ಶವಪೆಟ್ಟಿಗೆಯನ್ನೂ ಕೊಂಡಿಟ್ಟಿದ್ದನಂತೆ. ಸೆರೆಮನೆಗೆ ಬಿದ್ದ ಅವನ ಪ್ರಾಣ ಉಳಿಸಲು ಹಿರಿಯ ಮಂತ್ರಿ ಶು ಜಿಯೆ ಶ್ರಮಿಸಿದ. ಮುಂದಿನ ವರ್ಷ ಚಕ್ರವರ್ತಿ ತೀರಿಕೊಂಡಾಗ ಬಿಡುಗಡೆಯಾಯಿತು. 1569ರಲ್ಲಿ ನಾನ್‌ಜಿಂಗ್ ಸುತ್ತಲ ಸಿರಿವಂತ ಪ್ರದೇಶಕ್ಕೆ ರಾಜ್ಯಪಾಲನಾಗಿ ಬಂದರೆ, ಅಲ್ಲಿ ರೈತರ ಜಮೀನು ನುಂಗಿದವರಲ್ಲಿ ಅದೇ ಶು ಜಿಯೆಯ ಮನೆತನ! ಹೈ ರುಯಿ ಭೂಮಿ ಹಿಂದಿರುಗಿಸುವಂತೆ ಪಟ್ಟುಹಿಡಿದ. ಕೃತಘ್ನ ಎನ್ನೋಣವೇ? ಮಾವನ ಉಪಕಾರಕ್ಕೆಂದು ಯೋಗ್ಯನನ್ನು ಬಿಟ್ಟು ಭಾಮೈದನಿಗೆ ಕೆಲಸ ಕೊಡಿಸುವ ನಾವು ಹಾಗೆ ಅಂದೇವು. ಆದರೆ ಜೀವದ ಋಣವನ್ನು ಅವನು ತನ್ನ ಗಂಟಿನಿಂದ ತೀರಿಸಬಹುದಿತ್ತು, ರೈತನ ಗದ್ದೆಯಿಂದ ಅಲ್ಲ. ಜಮೀನುದಾರರ ದೂರಿಗೆ 1570ರಲ್ಲಿ ಹುದ್ದೆ ಹೋಯಿತು, ಹದಿನೈದು ವರ್ಷ ಊರಿನಲ್ಲೇ ಕಳೆದ. ಮತ್ತೆ ಕರೆ ಬಂದು ನಾನ್‌ಜಿಂಗ್‌ಗೆ ಹೋಗಿ 1587ರಲ್ಲಿ ತೀರಿಕೊಂಡಾಗ, ಆ ಗಂಟಿನಲ್ಲಿ ಅಂತ್ಯಕ್ರಿಯೆಗೆ ಸಾಲುವಷ್ಟೂ ಇರಲಿಲ್ಲ. ಜೊತೆಯ ಅಧಿಕಾರಿಗಳು ಚಂದಾ ಎತ್ತಿದರು.